ಹಂಚಿನ ಕೆಳಗೊಂದು ಹೊದಿಕೆ

ಸುಬಾಂಗ್ ಜಯಾ, ಮಲೇಷ್ಯಾ
ಆಗಸ್ಟ್ ೨೦೨೦

ಅಣ್ಣಾ,

ಮೊದಲು ಕುಳಿತುಕೋ. ಕೈಯಲ್ಲಿ ಕಾಫಿ ಲೋಟ ಇದ್ದರೆ ಕೆಳಗಿಡು. ನಾನೂ ಇಂಚರಳೂ ವಿಶೇಷ ವಿಮಾನದಲ್ಲಿ ಬರುತ್ತಿಲ್ಲ. ಬೆಂಗಳೂರಿಗೆ ಎರಡು ಸೀಟು ಸಿಕ್ಕಿದೆ ಎಂದು ನಿನ್ನೆ ರಾಯಭಾರ ಕಚೇರಿಯಿಂದ ಫೋನ್ ಬಂತು. ನಾನು ಬೇಡ ಎಂದೆ.

ಈಗ ನೀನು ಏನೇನು ಹೇಳುತ್ತಿದ್ದೀಯೋ ಅದೆಲ್ಲ ನನಗೆ ಇಲ್ಲಿಗೇ ಕೇಳಿಸುತ್ತಿದೆ. ಅದಕ್ಕೇ ಫೋನ್ ಮಾಡದೆ ಕಾಗದ ಹಿಡಿದು ಕೂತಿದ್ದೇನೆ. ಫೋನಿನಲ್ಲಿ ನೀನು ನನ್ನ ಒಂದು ಮಾತನ್ನೂ ಪೂರ್ತಿಯಾಗಲು ಬಿಟ್ಟವನಲ್ಲ. ಬರೆದು ಮುಗಿಸಿದ ಮೇಲೆ ಫೋಟೊ ತೆಗೆದು ಲಕ್ಷ್ಮಿ ಅತ್ತಿಗೆಯ ಮೊಬೈಲಿಗೆ ಕಳಿಸುತ್ತೇನೆ. ಅವರು ಓದಲಿ, ನೀನು ಸುಮ್ಮನೆ ಕೇಳು. ಹಟಮಾರಿ ಎಂದು ಬೈಯುವುದಿದ್ದರೆ ಕೊನೆಯಲ್ಲಿ ಬೈದರಾಯಿತು.

ನಿನ್ನ ಮಾತಿನಲ್ಲಿ ತಪ್ಪಿರಲಿಲ್ಲ. ಬೆವರೇ ಬಾರದ ಮಗುವನ್ನು ವರ್ಷವಿಡೀ ಬೇಸಿಗೆ ಇರುವ ಊರಿನಲ್ಲಿ ಯಾಕೆ ಇಟ್ಟುಕೊಂಡಿದ್ದೀಯ ಎಂದು ಕೇಳಿದರೆ ಯಾವ ತಾಯಿಯ ಹತ್ತಿರ ಉತ್ತರ ಇರುತ್ತದೆ? ಬೆವರದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಅತ್ತಿಗೆಯ ಗೆಳತಿಯರು ಇವತ್ತಿಗೂ ಕೇಳುತ್ತಾರಂತೆ. ಅವರಿಗೆ ಹೇಳು, ಬೆವರು ದೇಹ ತನ್ನಷ್ಟಕ್ಕೆ ತಾನೇ ಬೀಸಿಕೊಳ್ಳುವ ಬೀಸಣಿಗೆ. ಇಂಚರ ಹುಟ್ಟುವಾಗಲೇ ಅದು ಅವಳಿಗೆ ಸಿಗಲಿಲ್ಲ. ತೆಳ್ಳಗಿನ ಕೂದಲು, ನಾಲ್ಕೈದು ಚೂಪು ಹಲ್ಲು, ಇವನ್ನು ನೋಡಿ ಜನ ಅಯ್ಯೋ ಎನ್ನುತ್ತಾರೆ. ನನಗೆ ಅವುಗಳ ಚಿಂತೆ ಯಾವತ್ತೂ ಇರಲಿಲ್ಲ. ನನ್ನ ಭಯವೆಲ್ಲ ಹೊರಗಿನ ಬಿಸಿ ಅವಳೊಳಗೆ ಹೋಗಿ ಹೊರಬರಲು ದಾರಿಯಿಲ್ಲದೆ ಕೂರುವುದರ ಬಗ್ಗೆ.

ಆದರೂ ಇಲ್ಲಿ ನಾವು ಹೇಗೋ ನಡೆಸಿಕೊಂಡು ಹೋಗುತ್ತಿದ್ದೆವು. ಈ ಊರಿನಲ್ಲಿ ಶಾಲೆ ತಂಪು, ರೈಲು ತಂಪು, ಮಾಲ್ ಅಂತೂ ಸ್ವೆಟರ್ ಬೇಕೆನ್ನುವಷ್ಟು ತಂಪು. ಅವಳಿಗೆ ಮೈ ಬಿಸಿಯಾದರೆ ಮಾಲಿಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದೆವು. ಮನೆ ಮಲಗುವುದಕ್ಕೆ ಮಾತ್ರ ಇತ್ತು. ಮಾರ್ಚಿನಲ್ಲಿ ಕೊರೊನಾ ಬಂದು ಎಲ್ಲ ಬಾಗಿಲೂ ಒಟ್ಟಿಗೆ ಮುಚ್ಚಿದಾಗ ನಮಗೆ ಈ ಮನೆಯ ನಿಜವಾದ ಗುಣ ತಿಳಿಯಿತು. ಮಹಡಿಯ ಮೇಲಿನ ಅವಳ ಕೋಣೆಯಲ್ಲಿ ಎ.ಸಿ. ಬೆಳಗಿನಿಂದ ಒಂದೇ ಸಮನೆ ಓಡಿದರೂ ಮಧ್ಯಾಹ್ನದ ಹೊತ್ತಿಗೆ ಸೋತುಹೋಗುತ್ತಿತ್ತು.

ನಿನ್ನ ಭಾವಮೈದುನ ಏನು ಮಾಡಿದರು ಗೊತ್ತೇ? ಎಲ್ಲಿಂದಲೋ ಇನ್ನೂ ದೊಡ್ಡ ಎ.ಸಿ. ತಂದು ತಾವೇ ಕೂರಿಸಿದರು. ಸೈಬರ್‌ಜಯಾದ ಡೇಟಾ ಸೆಂಟರಿನಲ್ಲಿ ಯಂತ್ರಗಳನ್ನು ತಂಪಾಗಿಡುವುದೇ ಅವರ ಉದ್ಯೋಗವಲ್ಲವೇ. ಊರೆಲ್ಲ ಮನೆಯೊಳಗಿದ್ದಾಗಲೂ ಇವರು ಪಾಸು ತೋರಿಸಿ ಪೊಲೀಸರನ್ನು ದಾಟಿ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ಬಿಸಿ ಹುಟ್ಟುವುದು ಯಂತ್ರದೊಳಗೆ, ಆದ್ದರಿಂದ ಇವರಿಗೆ ಗೊತ್ತಿರುವ ಮದ್ದು ಒಂದೇ, ಇನ್ನಷ್ಟು ತಂಪು ಸುರಿಯುವುದು. "ಉಮಾನಾಥ್, ನಿಮ್ಮ ಸರ್ವರ್‌ಗಳಿಗೆ ಸಿಗೋ ಯೋಗ ನನ್ ಮಗಳಿಗಿಲ್ಲ" ಎಂದು ನಾನು ರೇಗಿಸಿದೆ. ಅವರು ನಗಲಿಲ್ಲ. ಅವರಿಗೂ ಅದೇ ಕೊರಗು ಇತ್ತೆಂದು ನನಗೆ ಆಗ ತಿಳಿದಿರಲಿಲ್ಲ.

ಆಮೇಲೆ ಆ ದಿನ ಬಂತು. ನಮ್ಮ ಬಡಾವಣೆಗೆಲ್ಲ ಕರೆಂಟ್ ಹೋಯಿತು. ನಾನು ಅಡುಗೆ ಮುಗಿಸಿ ಮಹಡಿ ಹತ್ತುವಷ್ಟರಲ್ಲಿ ಕೋಣೆ ಇಡ್ಲಿ ಪಾತ್ರೆಯ ಹಾಗೆ ಆಗಿತ್ತು. ಇಂಚರ ಮೇಜಿನ ಮೇಲೆ ತಲೆಯಿಟ್ಟಿದ್ದಳು, ಕರೆದರೆ ಉತ್ತರವಿಲ್ಲ. ಒದ್ದೆ ಟವಲು ಸುತ್ತಿ, ಎತ್ತಿಕೊಂಡು ಇಳಿದು, ಪೋರ್ಚಿನಲ್ಲಿದ್ದ ಕಾರಿನಲ್ಲಿ ಕೂರಿಸಿ ಎ.ಸಿ. ಹಾಕಿದೆ. ಕಾರು ಎಲ್ಲಿಗೂ ಹೋಗುವಂತಿರಲಿಲ್ಲ. ನಿಂತಲ್ಲೇ ಎಂಜಿನ್ ಓಡಿಸುತ್ತ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವಳು ಕಣ್ಣು ಬಿಟ್ಟ ಮೇಲೆ ಅಲ್ಲಿಂದಲೇ ನಿನಗೆ ಫೋನ್ ಮಾಡಿ ಅತ್ತದ್ದು. "ಸಾಕು ಬಾ ವಂದನಾ, ಮಗೂನ ಕರ್ಕೊಂಡು ಮೈಸೂರಿಗೆ ಬಂದ್ಬಿಡು, ನಾನ್ ನೋಡ್ಕೋತೀನಿ" ಎಂದೆ ನೀನು. ನಾನು ಹೂಂ ಎಂದೆ. ಅವತ್ತು ನೀನು ಚಂದ್ರಲೋಕಕ್ಕೆ ಬಾ ಎಂದಿದ್ದರೂ ಹೂಂ ಎನ್ನುತ್ತಿದ್ದೆ.

ಅದೇ ಫೋನಿನಲ್ಲಿ ನೀನು ಇನ್ನೊಂದು ಸಲಹೆಯನ್ನೂ ಕೊಟ್ಟೆ. ಅದನ್ನು ನೀನು ಮರೆತಿರಬಹುದು, ನಾನು ಮರೆಯುವ ಹಾಗಿಲ್ಲ. "ಸಂಜೆ ಹೊತ್ತು ಸೂರಿನ ಮೇಲೆ ನೀರು ಹೊಡಿ. ಅಮ್ಮ ತಾರಸಿಗೆ ಹೊಡೀತಿರ್ಲಿಲ್ವಾ?" ಅಮ್ಮ ಹೊಡೆಯುತ್ತಿದ್ದರು, ನಿಜ. ಸರಸ್ವತಿಪುರದ ಮನೆಯ ತಾರಸಿ ಏಪ್ರಿಲಿನಲ್ಲಿ ನೀರು ಕುಡಿದು ಬಿಸಿ ಆರುತ್ತಿದ್ದ ವಾಸನೆ ನನಗೆ ಇನ್ನೂ ನೆನಪಿದೆ. ಮಾರನೆಯ ದಿನ ನಾನು ಹಿಂದಿನ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಪೈಪು ಹಿಡಿದು, ಮನಸಾರೆ ನೀರು ಹೊಡೆದೆ. ಪಕ್ಕದ ಮನೆಯ ಪುಷ್ಪಾ ಅಕ್ಕ ಬಟ್ಟೆ ಒಣಗಿಸುತ್ತಿದ್ದವರು ಹಾಗೇ ನಿಂತು ನೋಡಿದರು. "ಎನ್ನಮ್ಮಾ, ರೂಫ್‌ಗೆ ಸ್ನಾನಾನಾ?" ಎಂದು ತಮಿಳು ಸೇರಿಸಿ ಕೇಳಿದರು. ನಮ್ಮೂರಿನ ಪದ್ಧತಿ ಎಂದು ಜಂಬದಿಂದ ಹೇಳಿದೆ.

ನಮ್ಮೂರಿನದು ತಾರಸಿ, ಇಲ್ಲಿಯದು ಸಿಮೆಂಟಿನ ಹಂಚು, ಅದರಲ್ಲೂ ಒಂದೆರಡು ಬಿರುಕು ಬಿಟ್ಟದ್ದು. ಮಳೆ ಮೇಲಿನಿಂದ ಬಿದ್ದು ಹರಿದುಹೋಗುತ್ತಿತ್ತು. ನಾನು ಕೆಳಗಿನಿಂದ ಮೇಲಕ್ಕೆ ಚಿಮ್ಮಿಸಿದ ನೀರು ಹಂಚಿನ ಸಂದಿಗಳಲ್ಲಿ ಒಳನುಗ್ಗಿತು. ಮೂರು ಸಂಜೆ ಹೀಗೆ ಶ್ರದ್ಧೆಯಿಂದ ಅಭಿಷೇಕ ಮಾಡಿದ ಮೇಲೆ ಇಂಚರಳ ಕೋಣೆಯ ಸೀಲಿಂಗಿನ ಒಂದು ಹಲಗೆ ನೆನೆದು, ಉಬ್ಬಿ, ದೊಪ್ಪನೆ ಅವಳ ಖಾಲಿ ಮಂಚದ ಮೇಲೆ ಬಿತ್ತು. ಪುಣ್ಯಕ್ಕೆ ಅವಳು ಕೆಳಗೆ ಊಟ ಮಾಡುತ್ತಿದ್ದಳು.

ನಿನ್ನನ್ನು ಬೈದುಕೊಳ್ಳುತ್ತ ಏಣಿ ಹತ್ತಿ ಆ ತೂತಿನಲ್ಲಿ ತಲೆ ತೂರಿಸಿದೆ. ಮುಖಕ್ಕೆ ರಪ್ಪನೆ ಬಿಸಿ ಹೊಡೆಯಿತು. ಹಂಚಿಗೂ ಸೀಲಿಂಗಿಗೂ ನಡುವೆ ಆಳೆತ್ತರದ ಜಾಗ, ಅಲ್ಲಿ ಧೂಳು ಮತ್ತು ತೊಲೆಗಳನ್ನು ಬಿಟ್ಟರೆ ಏನೂ ಇಲ್ಲ. ದಿನವಿಡೀ ಕಾದ ಹಂಚಿನ ಬಿಸಿಯೆಲ್ಲ ಅಲ್ಲಿ ತುಂಬಿಕೊಂಡು, ತೆಳ್ಳನೆಯ ಹಲಗೆಯ ಮೂಲಕ ನನ್ನ ಮಗಳ ಮೇಲೆ ಇಳಿಯುತ್ತಿತ್ತು. ಇಷ್ಟು ದಿನ ನಾವು ಕೆಳಗೆ ತಂಪು ಸುರಿಯುತ್ತಿದ್ದೆವು, ಮೇಲೆ ಒಲೆ ಉರಿಯುತ್ತಲೇ ಇತ್ತು. ಏಣಿಯ ಮೇಲೆ ನಿಂತೇ ನಾನು ಉಮಾನಾಥರನ್ನು ಕೂಗಿದೆ. ಅವರೂ ಹತ್ತಿ ತಲೆ ತೂರಿಸಿ, ಹಂಚಿನ ಅಡಿಗೆ ಅಂಗೈ ಹಿಡಿದು ನೋಡಿ, ಇಳಿದರು. "ನಾನ್ ಇದನ್ನ ನೋಡ್ಬೇಕಿತ್ತು" ಎಂದಷ್ಟೇ ಹೇಳಿದರು. ಅಂದೇ ಶಾಖ ತಡೆಯುವ ಹೊದಿಕೆ ಹಾಕುವುದೆಂದು ನಿಶ್ಚಯಿಸಿದೆವು.

ನಿನಗೆ ಈ ವಿಷಯ ಹೇಳಿದಾಗ ನೀನು ಬ್ಯಾಂಕಿನವನ ಹಾಗೆ ಒಂದೇ ಪ್ರಶ್ನೆ ಕೇಳಿದೆ: "ಬಾಡಿಗೆ ಮನೆಗೆ ಹಾಕಿದ ದುಡ್ಡು ವಾಪಸ್ ಬರತ್ತಾ?" ಬರುವುದಿಲ್ಲ ಅಣ್ಣಾ. ನಿನ್ನ ಮುಂದೆ ಸುಳ್ಳು ಹೇಳುವುದಿಲ್ಲ. ಕರೆಂಟ್ ಬಿಲ್ಲು ಹಿಂದಿನದರ ಮುಕ್ಕಾಲಿಗೆ ಇಳಿದಿದೆ. ಸ್ವಂತ ಮನೆಯಾಗಿದ್ದರೆ ಎರಡು ಮೂರು ವರ್ಷದಲ್ಲಿ ಅಸಲು ಹುಟ್ಟುತ್ತಿತ್ತು, ಆಮೇಲೆ ಉಳಿತಾಯವೇ. ನಮ್ಮ ಕರಾರು ಮುಂದಿನ ವರ್ಷ ಮುಗಿಯುತ್ತದೆ. ಮನೆಯ ಒಡತಿ ಪುವಾನ್ ಸಲ್ಮಾ ಒಳ್ಳೆಯ ಹೆಂಗಸು, "ಯು ವಾಂಟ್, ಯು ಪುಟ್ ಲಾ, ಬಟ್ ಐ ಕೆನಾಟ್ ಪೇ" ಎಂದು, ಇಲ್ಲಿಯವರು ಮಾತಿಗೊಮ್ಮೆ ಸೇರಿಸುವ 'ಲಾ' ಸಮೇತ, ನೇರವಾಗಿ ಹೇಳಿದರು. ನಾವು ಬಿಟ್ಟು ಹೋದರೆ ಮುಂದೆ ಬರುವವರು ತಣ್ಣಗೆ ಮಲಗುತ್ತಾರೆ. ಮಲಗಲಿ ಬಿಡು. ದೊಡ್ಡ ಎ.ಸಿ. ತಂದಾಗ ನೀನು ಈ ಪ್ರಶ್ನೆ ಕೇಳಿರಲಿಲ್ಲ.

ಕೆಲಸದವರು ಬರುವಂತಿರಲಿಲ್ಲ. ಅಂಗಡಿಗಳು ತೆರೆದ ಮೇಲೆ ಸಾಮಾನು ತರಿಸಿಕೊಂಡು ನಾವಿಬ್ಬರೇ ಅಟ್ಟ ಹತ್ತಿದೆವು, ಬಿಸಿಲೇರುವ ಮುಂಚೆ ಒಂದಿಷ್ಟು ದಿನ. ಮೊದಲು ಒಡೆದ ಹಂಚು ಬದಲಿಸಿ, ಹಂಚಿನ ಕೆಳಗೆ ಬೆಳ್ಳಿಯಂತೆ ಹೊಳೆಯುವ ಹಾಳೆ ಬಿಗಿದೆವು. ಆಮೇಲೆ ಸೀಲಿಂಗಿನ ಮೇಲೆ ರಾಕ್‌ವೂಲ್ ಎಂಬ ನಾರಿನ ದಪ್ಪ ಸುರುಳಿಗಳನ್ನು ಹಾಸಿದೆವು. ಆ ನಾರು ತಾಗಿದ ಕಡೆಯೆಲ್ಲ ತುರಿಕೆ. ತೊಲೆ ಬಿಟ್ಟು ಕಾಲಿಟ್ಟರೆ ನೇರ ಕೆಳಗಿನ ಕೋಣೆಗೆ. ನಿನ್ನ ಭಾವಮೈದುನ ಒಮ್ಮೆ ಕಾಲಿಟ್ಟರು ಕೂಡ, ಒಂದು ಕಾಲು ಇಂಚರಳ ಕೋಣೆಯಲ್ಲಿ ಇಳಿಬಿದ್ದು ನೇತಾಡಿತು. ಅವಳು ಕೆಳಗಿನಿಂದ ಅವರ ಅಂಗಾಲಿಗೆ ಕಚಗುಳಿ ಇಟ್ಟಳು. ಎಷ್ಟೋ ತಿಂಗಳ ಮೇಲೆ ಈ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಆಗಲೇ.

ನಗುವ ಸ್ಥಿತಿಯೇನೂ ಇರಲಿಲ್ಲ. ಅಷ್ಟರಲ್ಲಿ ಮಾಲುಗಳು ತೆರೆದಿದ್ದವು. ಅವಳನ್ನು ಕರೆದುಕೊಂಡು ಹೋದೆ. ಬಾಗಿಲಲ್ಲಿ ಹಣೆಗೆ ಹಿಡಿದು ಜ್ವರ ನೋಡುವ ಬಂದೂಕು. ಬಿಸಿಲಲ್ಲಿ ಪಾರ್ಕಿಂಗಿನಿಂದ ನಡೆದು ಬಂದ ಅವಳ ಹಣೆ ನೋಡಿ ಅದು ಕೆಂಪಾಯಿತು. ಕಾವಲುಗಾರ ನನಗಿಂತ ಹೆಚ್ಚು ನೊಂದುಕೊಂಡ, "ಸಾರಿ ಮೇಡಂ, ಕೆನಾಟ್ ಲಾ" ಎಂದು ಹಿಂದೆ ಸರಿಯಲು ಹೇಳಿದ. ಸಾಲಿನಲ್ಲಿದ್ದವರೆಲ್ಲ ನಮ್ಮಿಂದ ದೂರ ಸರಿದರು. ತಂಪಾಗಲು ಒಳಗೆ ಹೋಗಬೇಕು, ಒಳಗೆ ಹೋಗಲು ತಂಪಾಗಿರಬೇಕು. ಶಾಲೆಯ ಗೇಟಿನಲ್ಲೂ ಅದೇ ಕಥೆ, ಮನೆಯಿಂದಲೇ ಪಾಠ ಕೇಳಲಿ ಎಂದರು. ಆಗ ನನಗೆ ಖಚಿತವಾಯಿತು, ಈ ಕಾಲ ಮುಗಿಯುವವರೆಗೆ ಅವಳಿಗೆ ತಂಪು ಎಂಬುದು ಸಿಕ್ಕಿದರೆ ಈ ಮನೆಯೊಳಗೇ ಸಿಗಬೇಕು.

ಅದಕ್ಕಿಂತ ನೋವಾದ ಸಂಗತಿ ಒಂದಿದೆ. ನಿನ್ನ ಜೊತೆ ನಾನು ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಕನ್ನಡದಲ್ಲಿ ಹೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿಗೆ ಕನ್ನಡ ಒಂದು ಅಕ್ಷರ ಬಿಡದೆ ಅರ್ಥವಾಗುತ್ತದೆಂದು ನಮಗೆ ಯಾಕೆ ನೆನಪಿರುವುದಿಲ್ಲವೋ. ಅಂದಿನಿಂದ ಸೆಕೆಯಾದರೂ ಹೇಳುವುದನ್ನು ನಿಲ್ಲಿಸಿಬಿಟ್ಟಳು. ನಾನು ಮಹಡಿ ಹತ್ತುವ ಸದ್ದಾದರೆ ಬಚ್ಚಲಿಗೆ ಓಡಿ ತಲೆಯ ಮೇಲೆ ನೀರು ಸುರಿದುಕೊಂಡು ಬರುತ್ತಿದ್ದಳು. ಒಂದು ದಿನ ಹಿಡಿದು ಕೇಳಿದೆ. "ಇಫ್ ಐ ಸೇ ಹಾಟ್, ಯು ವಿಲ್ ಸೆಂಡ್ ಮಿ ಟು ಮಾಮ. ಪಪ್ಪ ವಿಲ್ ಬಿ ಅಲೋನ್" ಎಂದಳು. ಅಣ್ಣಾ, ನಿನ್ನ ಮನೆಯನ್ನು ಅವಳು ಎಷ್ಟು ಪ್ರೀತಿಸುತ್ತಾಳೆಂದು ನಿನಗೆ ಗೊತ್ತು. ಆ ಮನೆಗೆ ಹೆದರಿ ಮಗು ತನ್ನ ಮೈಸುಡುವುದನ್ನು ಮುಚ್ಚಿಡುತ್ತಿತ್ತು. ನಿನ್ನ ತಂಪಾದ ಮೈಸೂರಿಗೆ ಬಂದರೂ ಈ ಭಯ ಅವಳ ಜೊತೆಗೇ ಬರುತ್ತಿತ್ತು.

ಹೊದಿಕೆ ಹಾಸಿ ಮುಗಿದ ಮೇಲೂ ನಾನು ಯಾರ ಮಾತನ್ನೂ ನಂಬಲಿಲ್ಲ, ನಿನ್ನ ಭಾವಮೈದುನನ ಲೆಕ್ಕವನ್ನೂ. ಮೊನ್ನೆ, ಬಿಸಿಲು ಕಣ್ಣು ಬಿಡಲಾರದಷ್ಟಿದ್ದ ಮಧ್ಯಾಹ್ನ, ಇಂಚರಳನ್ನು ಪುಷ್ಪಾ ಅಕ್ಕನ ಮನೆಯಲ್ಲಿ ಬಿಟ್ಟು ಬಂದು ನಾನೇ ಮೇನ್ ಸ್ವಿಚ್ ಆರಿಸಿದೆ. ಎ.ಸಿ. ನಿಂತಿತು, ಫ್ಯಾನ್ ನಿಂತಿತು. ಅವಳ ಮಂಚದ ಮೇಲೆ ಮಲಗಿ ಕಾದೆ. ಅಂದು ಅಷ್ಟು ಬೇಗ ಒಲೆಯಾದ ಕೋಣೆ ಈಗೇನು ಮಾಡುತ್ತದೋ ನೋಡೇಬಿಡುವೆ ಎಂಬ ಛಲ. ಬಿಸಿ ಏರಿತು, ಏರಲಿಲ್ಲ ಎನ್ನುವುದಿಲ್ಲ. ಆದರೆ ನಿಧಾನವಾಗಿ, ಹಿಂಜರಿಯುತ್ತ. ಸಂಜೆಯವರೆಗೂ ಅದು ಮನುಷ್ಯರು ಇರಬಹುದಾದ ಕೋಣೆಯಾಗಿಯೇ ಉಳಿಯಿತು. ಕರೆಂಟ್ ಹೋದರೆ ಅವಳನ್ನು ಎತ್ತಿಕೊಂಡು ಕಾರಿಗೆ ಓಡಬೇಕಾಗಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ.

ನಿನ್ನೆ ಅದೇ ಹೊತ್ತಿಗೆ ಒದ್ದೆ ಟವಲು, ನೀರು ಎಲ್ಲ ಪಕ್ಕದಲ್ಲಿಟ್ಟುಕೊಂಡು ಅವಳನ್ನೂ ಮಲಗಿಸಿಕೊಂಡೆ. ಸ್ವಿಚ್ ಆರಿಸಿದ್ದೇನೆಂದು ಮೊದಲೇ ಹೇಳಿದೆ, ಸೆಕೆಯಾದರೆ ತಕ್ಷಣ ಹೇಳಬೇಕು, ಹೇಳಿದರೂ ಎಲ್ಲಿಗೂ ಕಳಿಸುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ನನ್ನ ಪಕ್ಕಕ್ಕೆ ಸರಿದು ಮಲಗಿದಳು. ಆಮೇಲೆ ನಿದ್ದೆ ಹೋದಳು. ಹಣೆ ಮುಟ್ಟಿ ನೋಡಿದೆ, ಕತ್ತು ಮುಟ್ಟಿ ನೋಡಿದೆ. ಎಲ್ಲ ಮಕ್ಕಳ ಹಾಗೆ ಸುಮ್ಮನೆ ಬೆಚ್ಚಗಿದ್ದಳು. ನಾನು ಅತ್ತುಬಿಟ್ಟೆ, ಅವಳಿಗೆ ಎಚ್ಚರವಾಗದ ಹಾಗೆ.

ಮಲಗುವ ಮುಂಚೆಯೇ ನಾನು ರಾಯಭಾರ ಕಚೇರಿಗೆ ಬೇಡ ಎಂದಿದ್ದೆ ಎಂದು ನೀನು ತಿಳಿದಿದ್ದರೆ ತಪ್ಪು. ಫೋನ್ ಬಂದದ್ದು ಬೆಳಗ್ಗೆ. ಸಂಜೆಯೊಳಗೆ ತಿಳಿಸಿ ಎಂದಿದ್ದರು. ನೀನು ಬಾ ಎಂದ ವಾರವೇ ನಾನು ಕಚೇರಿಯಲ್ಲಿ ನಮ್ಮಿಬ್ಬರ ಹೆಸರು ಬರೆಸಿ, ಪೆಟ್ಟಿಗೆ ತುಂಬಿ ಅವಳ ಮಂಚದ ಕೆಳಗೆ ಇಟ್ಟಿದ್ದೆ, ಅದು ಅಲ್ಲೇ ಇತ್ತು. ನಿದ್ದೆಯಿಂದೆದ್ದ ಇಂಚರ ಮಂಚದಿಂದಿಳಿದು, ಆ ಪೆಟ್ಟಿಗೆಯನ್ನು ಎಳೆದು ತೆರೆದು, ಒಂದೊಂದೇ ಬಟ್ಟೆಯನ್ನು ಬೀರುವಿನಲ್ಲಿ ವಾಪಸ್ ಇಡತೊಡಗಿದಳು. ಅವಳದನ್ನು ಮುಗಿಸಿ ನನ್ನ ಸೀರೆಗಳಿಗೆ ಕೈ ಹಾಕುವಾಗ ಮಾತ್ರ ತಿರುಗಿ, ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು: "ಅಮ್ಮಾ, ನಿಂದೂ ಇಡ್ಲಾ?"

ಇಡು ಎಂದೆ. ಆಮೇಲೆ ಕಚೇರಿಗೆ ಫೋನ್ ಮಾಡಿದೆ.

ದಾರಿ ತೆರೆದ ದಿನ ನಾವು ಮೂವರೂ ಒಟ್ಟಿಗೆ ಬರುತ್ತೇವೆ, ಉಳಿಯುವುದಕ್ಕಲ್ಲ, ರಜೆಗೆ. ಅಲ್ಲಿಯವರೆಗೆ ಸಿಟ್ಟಿನಲ್ಲೇ ಇದ್ದರೂ ಪರವಾಗಿಲ್ಲ, ಮಾಸ್ಕ್ ಬಿಟ್ಟು ಹೊರಗೆ ಹೋಗಬೇಡ. ಅತ್ತಿಗೆಯೂ ನೀನೂ ಆರೋಗ್ಯವಾಗಿರಿ. ಈ ಮನೆಯ ಮೇಲೊಂದು ಹಾರೈಕೆ ಇರಲಿ.

ನಿನ್ನ ಹಟಮಾರಿ ತಂಗಿ,
ವಂದನಾ