ಬೂದಿಕೋಟೆ ಬಸ್ಸು

ಜೂನ್ 2, ಸೋಮವಾರ
ಬಂಗಾರಪೇಟೆ ಕ್ಲಿನಿಕ್. ಐದು ಜನ. ನಾಲ್ಕನೆಯವಳು ಅರುಣಕುಮಾರಿ, ಬೂದಿಕೋಟೆ ಕಡೆಯವಳು. ಖಿನ್ನತೆ, ಏಳು ತಿಂಗಳಿಂದ. ಆರನೆಯ ಭೇಟಿ. ಪ್ರಶ್ನಾವಳಿಯಲ್ಲಿ 19 ಅಂಕ. ಮೊದಲು 22 ಇತ್ತು. ಇಳಿದಷ್ಟೂ ಒಳ್ಳೆಯದು. ಹಾಲು ಕರೆದು, ಡೈರಿಗೆ ಹಾಕಿ, ಒಂಬತ್ತೂವರೆಯ ಬಸ್ಸು ಹಿಡಿದು ಬರುತ್ತಾಳೆ. ಕಣ್ಣು ಊದಿಕೊಂಡಿತ್ತು. ಪ್ರಯಾಣದ ದಣಿವು. ನಾನೇ ಹೇಳಿದೆ — ತಿಂಗಳಿಗೊಮ್ಮೆ ಬನ್ನಿ, ಉಳಿದ ವಾರ ವಿಡಿಯೊ ಕಾಲ್.
"ಬಸ್ಸಲ್ಲಿ ಬರೋದು ನಂಗೇನ್ ಕಷ್ಟ ಇಲ್ಲ ಮೇಡಂ."
ಸಂಕೋಚವೆಂದುಕೊಂಡೆ. ಗಂಡ ಗೋಪಿನಾಥನಿಗೆ ಫೋನಿನಲ್ಲಿ ವಿವರಿಸಿದೆ. ತಕ್ಷಣ ಒಪ್ಪಿದ.

ಜೂನ್ 16
ವಿಡಿಯೊ. ಸಿಗ್ನಲ್ ಚೆನ್ನಾಗಿತ್ತು. ಅವಳ ಹಿಂದೆ ಕೊಟ್ಟಿಗೆ. ಅತ್ತೆ ಸೊಣ್ಣಮ್ಮನ ದನಿ:
"ಯಾರ್ ಜೊತೆಲೇ ಮಾತು?"
"ಡಾಕ್ಟ್ರಮ್ಮ, ಅತ್ತೆ."
"ನಮ್ ಕರೀ ಅಸನೂ ಮೇವು ಬಿಟ್ಟೈತೆ. ಅದುಕ್ಕೂ ಫೋನಲ್ಲೇ ಒಸಿ ಬುದ್ಧಿ ಯೋಳ್ತಾರಾ, ಕೇಳು."
ಅರುಣ ನಕ್ಕಳು. ನಾನೂ. ಅಂಕ 12.

ಜುಲೈ 7
ನೇರ ಭೇಟಿಯ ದಿನ. ಬರಲಿಲ್ಲ. ಗೋಪಿನಾಥನಿಗೆ ಫೋನ್ ಮಾಡಿದೆ.
"ಫೋನಲ್ಲೇ ಆಯ್ತದಲ್ಲ ಮೇಡಂ, ನೀವೇ ಯೋಳಿದ್ರಿ. ಸುಮ್ನೆ ಒಂದಿನ ಆಳಾಯ್ತದೆ."
ಅರುಣಳಿಗೆ ವಿಡಿಯೊ ಮಾಡಿದೆ. ಒಂಬತ್ತು ನಿಮಿಷ. ಅಂಕ 6.

ಜುಲೈ 10, ಊರಿಗಾಂ, ಮನೆ
ನವ್ಯ ಎಂಬ ಸಂಶೋಧಕಿಯ ಫೋನ್. ಖಿನ್ನತೆಗೆ ಆನ್‌ಲೈನ್, ಮುಖಾಮುಖಿ ಎರಡನ್ನೂ ಸೇರಿಸುವ ಬಗ್ಗೆ ಥೆರಪಿಸ್ಟ್‌ಗಳ ಅಭಿಪ್ರಾಯ ಕೇಳುತ್ತಿದ್ದಾಳೆ. "ಪ್ರಯಾಣದ ಹೊರೆ ತಪ್ಪುತ್ತದೆ" ಎಂದೆ. ಉದಾಹರಣೆ ಕೇಳಿದಳು. ಹೆಸರು ಬಿಟ್ಟು ಅರುಣಳದ್ದೇ ಕೊಟ್ಟೆ. ಹತ್ತೊಂಬತ್ತು, ಹನ್ನೆರಡು, ಆರು.
ಸಂಜೆ ಕಾದಂಬರಿ. ಅನುವಾದವೆಂಬುದೇ ಮರೆತುಹೋಗುವಷ್ಟು ನಯ. ಅಷ್ಟು ನಯವಾಗಿದ್ದಾಗಲೇ ನನಗೆ ಅನುಮಾನ — ಏನೇನು ಬಿಟ್ಟಿದ್ದಾರೋ.

ಜುಲೈ 28
ವಿಡಿಯೊ. ಪ್ರತಿ ಉತ್ತರಕ್ಕೂ ಮೊದಲು ಅವಳ ಕಣ್ಣು ಫೋನಿನಾಚೆ ಹೋಗಿ ಬರುತ್ತದೆ. ಎದುರಿಗೆ ಯಾರೋ ಕೂತಿದ್ದಾರೆ. ಮೊದಲಿಂದಲೂ ಕೂತಿದ್ದಿರಬೇಕು. ಇಷ್ಟು ದಿನ ನನಗೆ ಕಾಣಲಿಲ್ಲ.
ಪ್ರಶ್ನಾವಳಿಯ ಒಂಬತ್ತನೆಯ ಪ್ರಶ್ನೆ: ಬದುಕು ಬೇಡವೆನ್ನಿಸುತ್ತದೆಯೇ?
"ಇಲ್ಲ."
ಬಕೆಟ್ ಎತ್ತಿಕೊಂಡು ಯಾರೋ ಎದ್ದು ಹೋದ ಸದ್ದು. ಆಗ, ಪಿಸುದನಿಯಲ್ಲಿ:
"ಬಸ್ಸಲ್ಲಿ ಕಿಟ್ಕಿ ಪಕ್ಕ ಕೂತ್ಕಂಡು ಅಳ್ತಿದ್ದೆ ಮೇಡಂ. ಬರ್ತಾ ಒಂದ್ಸಲ, ಓಗ್ತಾ ಒಂದ್ಸಲ. ಯಾರೂ ಯಾಕೆ ಅಂತ ಕೇಳ್ತಿರ್ಲಿಲ್ಲ. ಈಗ ಅದೂ ಇಲ್ಲ."
ಕಟ್ ಆಯಿತು. ಮತ್ತೆ ಮಾಡಿದೆ. ಸ್ವಿಚ್ ಆಫ್.
ಗೋಪಿನಾಥನಿಗೆ ಹೇಳಿದೆ — ನಾಳೆಯೇ ಕರೆತನ್ನಿ, ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬೇಡಿ.
"ಒಬ್ಳನ್ನೇ ಯಾವತ್ ಬಿಟ್ಟಿದ್ದೀವಿ ಮೇಡಂ? ಅವ್ವ ಇರ್ತಾಳೆ. ಸೋಮವಾರ ಕಳಿಸ್ತೀನಿ."

ಆಗಸ್ಟ್ 4, ಸೋಮವಾರ, 11.15
ಒಂಬತ್ತೂವರೆಯ ಬಸ್ಸು ಬಂದು ಎಷ್ಟೋ ಹೊತ್ತಾಯಿತು. ಇಳಿದವರನ್ನೆಲ್ಲ ಮಹಡಿಯ ಕಿಟಕಿಯಿಂದ ನೋಡಿದೆ. ಅವಳಿಲ್ಲ.

12.40
ಸೊಣ್ಣಮ್ಮ ಫೋನ್ ತೆಗೆದಳು. "ಬಸ್ಸು ಅತ್ತಿಸಿದ್ದು ನಾನೇ ಕಣಮ್ಮ. ಕಿಟ್ಕಿ ಪಕ್ಕ ಕೂತ್ಕಂಡ್ಳು. ಕೈ ಬೇರೆ ಆಡಿಸಿದ್ಳು. ಯಾಕೆ, ಬರ್ಲಿಲ್ವಾ?"
ಪೊಲೀಸರಿಗೆ ತಿಳಿಸಿದೆ. ಗೋಪಿನಾಥ್ ಬೈಕಿನಲ್ಲಿ ದಾರಿಯುದ್ದಕ್ಕೂ ಹುಡುಕುತ್ತಿದ್ದಾನೆ.

3.30
ನವ್ಯಳ ಮೆಸೇಜ್. ನನ್ನ ಮಾತನ್ನು ವರದಿಗೆ ಸೇರಿಸಿದ್ದಾಳೆ, ಒಪ್ಪಿಗೆ ಬೇಕಂತೆ. 'ಪ್ರಯಾಣದ ಹೊರೆ ತಪ್ಪುತ್ತದೆ.' ತೆಗೆದುಹಾಕಿ ಎಂದು ಟೈಪ್ ಮಾಡಿದೆ. ಕಳಿಸಲಿಲ್ಲ. ಆ ಜಾಗದಲ್ಲಿ ಏನು ಹಾಕಲಿ...

5.20
ಬೆಳಗಿನ ಬಸ್ಸೇ ಮತ್ತೆ ಬಂತು. ಕೆಳಗಿಳಿದು ಹೋಗಿ ಕಂಡಕ್ಟರನ್ನು ಕೇಳಿದೆ.
"ಕಿಟ್ಕಿ ಪಕ್ಕ ಕೂತ್ಕಂಡು ಅಳ್ತಿದ್ರಲ್ಲ, ಆ ಅಕ್ಕಾನಾ? ಟಿಕೆಟ್ ಇಲ್ಲಿಗೇ ಇತ್ತು. ಮಧ್ಯದಲ್ಲೇ ಇಳೀತೀನಿ ಅಂದ್ರು. ಯಾಕೆ ಅಂತ ಕೇಳಕ್ಕೋಗ್ಲಿಲ್ಲ."
ಎಲ್ಲಿ ಎಂದು ಹೇಳಿದ. ಆ ಜಾಗ ನನಗೆ ಗೊತ್ತು. ಅಲ್ಲಿ ಊರಿಲ್ಲ. ಸ್ಟಾಪೂ ಇಲ್ಲ. ಬರೀ ಕೆರೆ.