ಕವಲಿನಲ್ಲಿ ನಿಂತಿದ್ದವಳು

ಅಟ್ಟೂರು
೧೮ ಜನವರಿ ೨೦೨೫

ಅಪ್ಪನಿಗೆ,

ನಿಮ್ಮ ಶಶಿರೇಖಾ ಇಲ್ಲಿಂದಲೇ ಕಾಲು ಮುಟ್ಟಿ ನಮಸ್ಕರಿಸುತ್ತಾಳೆ. ಅಮ್ಮನ ತಿಥಿ ಮುಗಿಸಿ ಬಂದವಳು ಒಂದು ಫೋನೂ ಮಾಡಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡಿ. ಮಾಡಿದರೆ ಈಗ ಎತ್ತುವವರು ನೀವೇ. ಏನು ಮಾತಾಡುವುದೆಂದು ತೋಚದೆ ತಡವಾಯಿತು. ನಾನೂ ನನ್ನ ಗಂಡ ಸಲ್ಮಾನೂ ಚೆನ್ನಾಗಿದ್ದೇವೆ.

"ಅದೇನ್ ಕೆಲ್ಸ ಮಾಡ್ತಾಳೋ ಕೇಳೇ" ಎಂದು ಅಮ್ಮನ ಕೈಲಿ ಎಷ್ಟು ಸಲ ಕೇಳಿಸಿದ್ದೀರೋ. ನಾನು ಅಷ್ಟುದ್ದ ವಿವರಿಸಿದರೆ, "ಕನ್ನಡಿ ಒರೆಸ್ತಾಳಂತೆ" ಎಂದು ನಿಮಗೆ ದಾಟಿಸಿದ್ದಳು. ಈಗ ನಾನೇ ಹೇಳುತ್ತೇನೆ. ಫೋನಿನ ಮಾತು ಗಾಜಿನ ಎಳೆಯೊಳಗೆ ಬೆಳಕಾಗಿ ಓಡುತ್ತದೆ. ದಾರಿ ಕವಲೊಡೆಯುವ ಕಡೆ ಆ ಬೆಳಕನ್ನು ತಡೆದು, ವಿದ್ಯುತ್ತಾಗಿಸಿ, ಎಲ್ಲಿಗೆಂದು ಓದಿ, ಮತ್ತೆ ಬೆಳಕು ಮಾಡಿ ಕಳಿಸುತ್ತಾರೆ. ಯಲಹಂಕದ ನಮ್ಮ ಲ್ಯಾಬಿನಲ್ಲಿ ಸಾಸಿವೆಗಿಂತ ಚಿಕ್ಕ ಕನ್ನಡಿಗಳಿವೆ. ಕನ್ನಡಿ ತುಸು ಓರೆಯಾದರೆ ಸಾಕು, ಬೆಳಕು ಬೆಳಕಾಗಿಯೇ ಬೇರೆ ದಾರಿ ಹಿಡಿಯುತ್ತದೆ. ಮುಂದೆ ಹೆಚ್ಚಿನ ಕಡೆ ಹೀಗೇ ಆದೀತೆಂದು ನಮ್ಮ ಆಸೆ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಸುಮ್ಮನೆ ಕುಳಿತು, ಯಾರ ಯಾರ ಮಾತೋ ನನ್ನ ಮುಂದೆಯೇ ಹಾದು ಹೋಗುತ್ತಿದೆ ಅಂದುಕೊಳ್ಳುತ್ತೇನೆ. ಒಮ್ಮೊಮ್ಮೆ ಅದರಲ್ಲಿ ಅಮ್ಮನದೂ ಇದೆ ಅನ್ನಿಸುತ್ತದೆ.

ನಮ್ಮ ಮನೆಯ ಕವಲಿನಲ್ಲಿ ನಿಂತಿದ್ದವಳು ಅವಳು. ನಾನು ದೊಡ್ಡವಳಾದ ಮೇಲೆ ನೀವು ನನ್ನೊಡನೆ ನೇರವಾಗಿ ಮಾತಾಡಲೇ ಇಲ್ಲ. ನೀವು ಗದರಿದ್ದು ಅವಳ ಬಾಯಿಂದ ಬರುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ನನ್ನ ಜಂಬವೂ ನಿಮ್ಮ ಕಿವಿಗೆ ವಿನಯವಾಗಿ ಬಿದ್ದಿರಬೇಕು.

ತಿಥಿಯ ದಿನ ನಾನು ನಿಮ್ಮೆದುರಿಗೇ ನಿಂತಿದ್ದೆ. ನೀವು ಅಡುಗೆಮನೆಯ ಕಡೆ ತಿರುಗಿ, "ಅವ್ಳು ಉಂಡ್ಲಾ ಕೇಳೇ" ಅಂದಿರಿ. ಒಳಗಿನಿಂದ ಯಾರೂ ಓಗೊಡಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿಬಿಟ್ಟಿರಿ.

ಉಂಡೆ ಅಪ್ಪ.

ಚಿಕ್ಕಜಾಲದಲ್ಲಿ ಚಳಿ ಜಾಸ್ತಿ, ಮಫ್ಲರ್ ಇಲ್ಲದೆ ಬೆಳಿಗ್ಗೆ ತೋಟಕ್ಕೆ ಹೋಗಬೇಡಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿಮ್ಮ ಮಗಳು,
ಶಶಿರೇಖಾ

ಇನ್ನೊಂದು ಮಾತು: ನಿಮಗೆ ಬೇಡವಾಗಿದ್ದ ನನ್ನ ಮದುವೆಯ ದಿನ ಅಮ್ಮ ಫೋನ್ ಮಾಡಿ, "ಎಲ್ಲಿದ್ರೂ ಚೆನ್ನಾಗಿರ್ಲಿ ಅಂದ್ರು ಕಣೇ ನಿಮ್ಮಪ್ಪ" ಅಂದಿದ್ದಳು. ಅದನ್ನು ನಂಬಿಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ನೀವು ನಿಜವಾಗಿಯೂ ಹಾಗಂದಿದ್ದಿರಾ ಅಪ್ಪ? ಈಗ ಅವಳನ್ನು ಕೇಳುವ ಹಾಗಿಲ್ಲ. ೨೬ರ ಭಾನುವಾರ ಫೋನ್ ಮಾಡುತ್ತೇನೆ, ಎತ್ತಿ. ಬೈದಿದ್ದರೆ ಬೈದೆ ಅನ್ನಿ, ನಿಮ್ಮ ಬಾಯಿಂದಲೇ ಕೇಳಿಸಿಕೊಳ್ಳುತ್ತೇನೆ.