ಹೂವಿಗೆ ಮುಚ್ಚಿದ ಕಿಟಕಿ

ಮಾರ್ಚ್ ೧೯, ಬುಧವಾರ

ಕೆಂಚಮ್ಮನಿಗೆ ನಾನು ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ಅದೇ ಕೊರೆಯುತ್ತಿದೆ.

ಮೊದಲ ಕೀಮೋ ಮುಗಿಸಿ ಮಂಗಳೂರಿನಿಂದ ಬಂದು ಒಂಬತ್ತು ದಿನವಾಯಿತು. ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿದೆ. ಈ ಪರಿಮಳಕ್ಕೆ ವರ್ಷವಿಡೀ ಕಾಯುವವಳು ನಾನು. ಈ ಸಲ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಗಂಡ ಲಿಯಾನ್ ಕಿಟಕಿಗಳನ್ನೆಲ್ಲ ಮುಚ್ಚಿದ. ಹೂ ಬಿಟ್ಟಾಗ ಕಿಟಕಿ ಮುಚ್ಚುವ ಬೆಳೆಗಾರ ಹೆಗ್ಗದ್ದೆ ಸುತ್ತಮುತ್ತ ಇವನೊಬ್ಬನೇ ಇರಬೇಕು.

ಬೆಳಿಗ್ಗೆ ವಾಂತಿ ಮಾಡಿ ಬಚ್ಚಲಿನಿಂದ ಹೊರಬಂದರೆ, ಮನೆಗೆಲಸದ ಕೆಂಚಮ್ಮ ಸೆರಗಿನಲ್ಲಿ ಎರಡು ಮಾವಿನಕಾಯಿ ಹಿಡಿದು ನಿಂತಿದ್ದಳು. ಮುಖದ ತುಂಬ ನಗು.

"ನಂಗೆ ಗೊತ್ತಾಗ್ಬುಡ್ತು ಕಣಮ್ಮ. ಬಸ್ರೀರಿಗೇ ಈ ಹೂವಿನ್ ವಾಸ್ನೆ ಆಗಾಕಿಲ್ಲ. ನಿಮ್ ದೇವ್ರೋ ನಮ್ ದೇವ್ರೋ, ಮದ್ವೆಯಾಗಿ ಹದ್ನಾಲ್ಕು ವರ್ಷಕ್ಕೆ ಯಾರೋ ಒಬ್ರು ಕಣ್ ಬಿಟ್ರು!"

ಎದೆಯ ಗಂಟು, ಕ್ಯಾನ್ಸರ್, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಕಾಯಿ ಹೆಚ್ಚಿ, ಉಪ್ಪು ಹಚ್ಚಿದ ಹೋಳೊಂದನ್ನು ಕೈಗಿಟ್ಟಳು. ಒಂಬತ್ತು ದಿನದಲ್ಲಿ ಮೊದಲ ಸಲ ಬಾಯಿಗೆ ರುಚಿ ಹತ್ತಿತು. ಎರಡೂ ಕಾಯಿ ತಿಂದು ಮುಗಿಸಿದೆ.

ಸಂಜೆ ಲಿಯಾನ್‌ಗೆ ಹೇಳಿದೆ, ನಗುತ್ತಾನೆಂದುಕೊಂಡು. ಅವನು ಎದ್ದುಹೋಗಿ ಮುಚ್ಚಿದ್ದ ಕಿಟಕಿಯನ್ನೇ ಮತ್ತೊಮ್ಮೆ ಮುಚ್ಚಿದ.

ಇನ್ನೊಂದು ವಾರದಲ್ಲಿ ಕೂದಲು ಉದುರುತ್ತದಂತೆ. ತೋಟದ ಆಳುಗಳ ಲೈನ್ ಮನೆಗಳಿಗೆಲ್ಲ ಬಸಿರಿನ ಸುದ್ದಿ ಹಬ್ಬುವ ಮೊದಲೇ ಅವಳಿಗೆ ನಿಜ ಹೇಳಬೇಕು. ನಾಳೆಯೇ ಹೇಳುತ್ತೇನೆ. ನಾಳೆ ನೆಲ್ಲಿಕಾಯಿ ತರುತ್ತೇನೆ ಅಂದಿದ್ದಾಳೆ. ಅದನ್ನು ತಿಂದಾದ ಮೇಲೆ ಹೇಳುತ್ತೇನೆ.